ನೀರಣ್ಣನ ನೆಗೆತ

ಅಕ್ಕನ ಕೆಲಸ ಹಲ್ಲು ನೆಡುವುದು. ಬಾಯಿಯೊಳಗಲ್ಲ, ಬಾಯಿಯ ಅಚ್ಚಿನೊಳಗೆ. ದಂತವೈದ್ಯರು ರೋಗಿಗಳ ದವಡೆಯ ಅಳತೆ ತೆಗೆದು ಕಳಿಸಿದರೆ, ಆಕೆ ಅದಕ್ಕೆ ಪ್ಲಾಸ್ಟರ್ ಹುಯ್ದು, ಗುಲಾಬಿ ಬಣ್ಣದ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲನ್ನು ಅದರಲ್ಲಿ ಊರಿ ನಿಲ್ಲಿಸುತ್ತಿದ್ದಳು. ಕೂದಲೆಳೆಯಷ್ಟು ಆಚೀಚೆಯಾದರೂ ಸೆಟ್ಟು ಹಾಕಿಕೊಂಡವರು ಊಟ ಅಗಿಯುವುದು ಬಿಟ್ಟು ಅಕ್ಕನನ್ನು ಅಗಿಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅಂಥ ಬೈಗುಳ ಸಿಕ್ಕಿದ್ದು ಕಡಿಮೆ. ಕಣ್ಣು ಸೂಕ್ಷ್ಮ, ಕೈ ನಿಧಾನ, ಬಾಯಿ ಮಾತ್ರ ಕತ್ತರಿ ಎಂದು ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಆಕೆಯನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಂದಳು. ಪ್ರೌಢಶಾಲೆಯಲ್ಲಿ ಲೆಕ್ಕ ಕಲಿಸುವ ಟೀಚರ್, ವಯಸ್ಸು ನಲವತ್ತರ ಹತ್ತಿರ. ಬಾಗಿಲಲ್ಲೇ ನಿಂತು, ಸಾಲಾಗಿ ಬಾಯಿ ತೆರೆದುಕೊಂಡಿದ್ದ ಪ್ಲಾಸ್ಟರ್ ದವಡೆಗಳನ್ನು ಒಮ್ಮೆ ನೋಡಿ, ಸ್ವಲ್ಪ ಹಿಂಜರಿದು ಕೇಳಿದಳು.

"ನೀವು 'ತುಳುಕು' ಅನ್ನೋ ಆಟಕ್ಕೆ ಚಿತ್ರ ಬರೆದವರಲ್ವಾ ಮೇಡಂ? ಕಂಪ್ಯೂಟರ್ ಆಟ. ಮೂವತ್ತು ವರ್ಷದ ಹಿಂದಿಂದು."

ಅಕ್ಕನ ಕೈಯಲ್ಲಿದ್ದ ಕೋರೆಹಲ್ಲು ಮೇಣದೊಳಗೆ ಓರೆಯಾಗಿ ಇಳಿಯಿತು.

"ಅದನ್ನ ನೆನಪಿಟ್ಕೊಂಡವರೂ ಇದ್ದಾರಾ?" ಎಂದಳು.

"ನಾನೊಬ್ಬಳು ಇದ್ದೀನಿ."

ಟೀಚರಿಗೆ ಒಂದು ಹುಚ್ಚು. ಯಾರೂ ಕೇಳದ ಹಳೆಯ ಆಟಗಳನ್ನು ಹುಡುಕಿ, ಆಡಿ, ಅವುಗಳ ಗುಣದೋಷಗಳನ್ನು ಬರೆದು ಇಂಟರ್ನೆಟ್ಟಿನಲ್ಲಿ ಹಾಕುವುದು. ಓದುವವರು ಇನ್ನೂರು ಮುನ್ನೂರು ಜನ. 'ತುಳುಕು' ಆಟವನ್ನು ಅವಳು ಚಿಕ್ಕವಳಿದ್ದಾಗ ಸೋದರಮಾವನ ಮನೆಯಲ್ಲಿ ಆಡಿದ್ದಳಂತೆ. ಈಗ ಅದರ ಬಗ್ಗೆ ಉದ್ದನೆಯ ಲೇಖನ ಬರೆದಿದ್ದಳು. ಆಟವನ್ನೂ ಎಲ್ಲರೂ ಆಡುವಂತೆ ಲೇಖನದ ಜೊತೆ ಹಾಕಬೇಕೆಂದಿದ್ದಳು. ಅದಕ್ಕೆ ಮಾಡಿದವರ ಒಪ್ಪಿಗೆ ಬೇಕು, ಒಂದು ಪ್ರಶ್ನೆಗೆ ಉತ್ತರವೂ ಬೇಕು.

"ಮೊದಲು ಓದಿ ಹೇಳಿ, ಏನ್ ಬರ್ದಿದ್ದೀರೋ ನೋಡೋಣ," ಎಂದಳು ಅಕ್ಕ. ಓರೆಯಾದ ಹಲ್ಲನ್ನು ಬಿಸಿ ಚಾಕುವಿನಿಂದ ಕಿತ್ತು ಮತ್ತೆ ಊರುವ ನೆಪದಲ್ಲಿ ತಲೆ ತಗ್ಗಿಸಿ ಕೂತಳು.

ಟೀಚರ್ ಓದಿದಳು. "ಈ ಆಟವನ್ನು ಜನ ಮರೆತಿದ್ದಾರೆ. ಅದು ಅನ್ಯಾಯ. ಆದರೆ ಪೂರ್ತಿ ಅನ್ಯಾಯವೂ ಅಲ್ಲ."

ಅಕ್ಕನಿಗೆ ನಗು ಬಂತು. "ಪರವಾಗಿಲ್ಲ, ಮುಂದುವರಿಸಿ."

ಆಟ ಇಷ್ಟೇ. ನೀರಣ್ಣ ಎಂಬ ಗೇಣುದ್ದದ ಮನುಷ್ಯ. ಹನ್ನೆರಡು ಮಹಡಿಯ ಕಟ್ಟಡ. ಕೆಳಗಿನ ನಲ್ಲಿಯಲ್ಲಿ ತುಂಬಿಸಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು, ಮುರಿದ ಮೆಟ್ಟಿಲು, ಏಣಿ, ಕಿಟಕಿಯ ಚಾಚುಗಳನ್ನು ಹತ್ತಿ ಹಾರಿ, ನೀರನ್ನು ತುತ್ತತುದಿಯ ಮನೆಗೆ ಮುಟ್ಟಿಸಬೇಕು. ಎಡವಿದರೆ, ಎತ್ತರದಿಂದ ಧುಮುಕಿದರೆ ನೀರು ತುಳುಕುತ್ತದೆ. ಖಾಲಿ ಕೊಡ ಹೊತ್ತು ಮೇಲೆ ಹೋದರೆ ಬಾಗಿಲು ತೆರೆಯುವುದೇ ಇಲ್ಲ.

ಗುಣಗಳನ್ನು ಟೀಚರ್ ಮನಸಾರೆ ಬರೆದಿದ್ದಳು. ಕೊಡ ತುಂಬಿದ್ದಾಗ ನೀರಣ್ಣನ ನಡಿಗೆಯೇ ಬೇರೆ, ಅರ್ಧವಾದಾಗ ಬೇರೆ, ಖಾಲಿಯಾದಾಗ ಬೇರೆ. ಖಾಲಿ ಕೊಡದ ನೀರಣ್ಣ ಹಗುರಾಗಿ ಓಡುವುದನ್ನು ನೋಡಿದರೆ ಸಂಕಟವಾಗುತ್ತದೆ ಎಂದಿದ್ದಳು. ಸಂಗೀತವಿಲ್ಲ, ಬರೀ ಹನಿ ಬೀಳುವ ಸದ್ದು. ಐದನೇ ಮಹಡಿಯ ನಾಯಿ ಚೆಲ್ಲಿದ ನೀರನ್ನು ನೆಕ್ಕಿ ಬಾಲ ಅಲ್ಲಾಡಿಸುತ್ತದೆ; ಚೆಲ್ಲದೆ ಹೋದರೆ ಮುಖ ತಿರುಗಿಸಿ ಮಲಗುತ್ತದೆ. ಇಷ್ಟು ಚಿಕ್ಕ ಆಟದಲ್ಲಿ ನಾಯಿಗೂ ಒಂದು ಮನಸ್ಸು ಕೊಟ್ಟವರು ಯಾರೋ!

ದೋಷಗಳಿಗೂ ದಾಕ್ಷಿಣ್ಯವಿರಲಿಲ್ಲ. ಏಣಿಗೆ ನೇರವಾಗಿ, ಎಳ್ಳಷ್ಟೂ ತಪ್ಪದೆ ನಿಲ್ಲದಿದ್ದರೆ ಹತ್ತಲು ಬಿಡುವುದಿಲ್ಲ. ಮಧ್ಯದಲ್ಲಿ ನಿಲ್ಲಿಸಿ ನಾಳೆ ಮುಂದುವರಿಸುವ ಸೌಕರ್ಯವಿಲ್ಲ. ಹನ್ನೆರಡು ಮಹಡಿಯೂ ಒಂದೇ ಪಟ್ಟಿಗೆ. ಒಂಬತ್ತನೇ ಮಹಡಿಯಲ್ಲಿ ಕಂದು ಗೋಡೆಯ ಮೇಲೆ ಕಂದು ಮೆಟ್ಟಿಲು, ಕಣ್ಣಿಗೆ ಕಾಣುವುದಿಲ್ಲ.

"ಒಂಬತ್ತನೇ ಮಹಡಿ ನನ್ನ ತಪ್ಪು," ಎಂದಳು ಅಕ್ಕ. "ಅಷ್ಟು ಹೊತ್ತಿಗೆ ಬಣ್ಣನೂ ಮುಗಿದಿತ್ತು, ನಾನೂ ಮುಗಿದಿದ್ದೆ."

"ಕೊನೆಯದು ಜಂಪ್," ಎಂದು ಟೀಚರ್ ಕಾಗದ ಮಡಚಿದಳು. "ನೀರಣ್ಣ ಒಂದ್ಸಲ ನೆಗೆದ ಅಂದ್ರೆ ಮುಗೀತು, ಗಾಳೀಲಿ ತಿರುಗಿಸೋಕಾಗಲ್ಲ. ಆ ಕಾಲದಲ್ಲಿ ಬೇರೆ ಆಟಗಳಲ್ಲೆಲ್ಲ ಆಗ್ತಿತ್ತು. ಇದು ತಪ್ಪಾ, ಬೇಕಂತಲೇ ಮಾಡಿದ್ದಾ? ನನಗೇ ತೀರ್ಮಾನ ಆಗ್ತಿಲ್ಲ. ಅದಕ್ಕೇ ಬಂದೆ."

ಅಕ್ಕ ಚಾಕುವಿಗೆ ಹತ್ತಿದ್ದ ಮೇಣವನ್ನು ಒರೆಸಿದಳು. ಆಮೇಲೆ, "ಅದನ್ನ ನನ್ನ ತಮ್ಮನ್ನ ಕೇಳ್ಬೇಕು," ಎಂದಳು. "ಪ್ರೋಗ್ರಾಮ್ ಬರೆದವನು ಅವನು. ನಾವು ಮಾತಾಡಲ್ಲ."

ಮಾತು ಬಿಟ್ಟದ್ದೂ ಅದೇ ಜಂಪಿನ ದೆಸೆಯಿಂದಲೇ.

ಆಗ ಅಕ್ಕನಿಗೆ ಇಪ್ಪತ್ತೇಳು, ತಮ್ಮನಿಗೆ ಇಪ್ಪತ್ತಮೂರು. ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬ ಯಜಮಾನರು ಆಟ ಮಾಡುವ ಸಣ್ಣ ಕಂಪನಿ ಇಟ್ಟಿದ್ದರು. ಯಜಮಾನರು, ಅಕ್ಕ, ತಮ್ಮ, ಇಷ್ಟೇ ಜನ. ಕೆಳಗಿಂದ ರಬ್ಬರಿನ ವಾಸನೆ ನೆಲ ತೂರಿ ಬರುತ್ತಿತ್ತು. ಅಕ್ಕ ಚೌಕಳಿ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ನೀರಣ್ಣನನ್ನು ಬರೆಯುತ್ತಿದ್ದಳು. ತಮ್ಮ ಅವನಿಗೆ ಜೀವ ಕೊಡುತ್ತಿದ್ದ. ನಡಿಗೆ ಸರಿ ಬರಬೇಕೆಂದು ತಮ್ಮ ನಿಜವಾಗಿ ತುಂಬಿದ ಬಕೆಟ್ಟನ್ನು ತಲೆಯ ಮೇಲಿಟ್ಟುಕೊಂಡು ಕೋಣೆಯ ಉದ್ದಗಲ ಓಡಾಡಿದ್ದ. ಚಪ್ಪಲಿ ಅಂಗಡಿಯವರು ಸೋರುತ್ತಿರುವ ಚಾವಣಿಯನ್ನು ನೋಡಿ ಮೇಲೆ ಬಂದು ಜಗಳ ತೆಗೆದಿದ್ದರು. ಅಷ್ಟು ನಕ್ಕಿದ್ದು ಆಕೆಗೆ ಆಮೇಲೆ ಜೀವಮಾನದಲ್ಲಿ ನೆನಪಿಲ್ಲ.

ಆಟ ಮುಗಿಯುತ್ತಾ ಬಂದಂತೆ ಜಂಪಿನ ತಕರಾರು ಶುರುವಾಯಿತು. ನೋಡಲು ಬಂದವರೆಲ್ಲ ಮೊದಲ ಮಹಡಿಯಲ್ಲೇ ಬಿದ್ದು ಕೀಲಿಮಣೆ ಬಿಟ್ಟೇಳುತ್ತಿದ್ದರು. ಸ್ವಲ್ಪ ಸಡಿಲ ಮಾಡು, ನೆಗೆದ ಮೇಲೂ ತಿರುಗೋ ಹಾಗೆ ಮಾಡು ಎಂದು ಯಜಮಾನರು ಕೇಳಿದರು. ಅಕ್ಕ ಕೇಳಿದಳು, ಗದರಿಸಿದಳು, ಗೋಗರೆದಳು.

"ಕಾಲು ಎತ್ತೋ ಮುಂಚೆ ಯೋಚನೆ ಮಾಡ್ಲಿ ಅಕ್ಕ," ಎಂದ ತಮ್ಮ. "ಎತ್ತಿದ್ಮೇಲೆ ಯೋಚನೆ ಮಾಡೋದಾದ್ರೆ ತಲೆ ಮೇಲೆ ಕೊಡ ಯಾಕೆ?"

"ಜನ ಆಡದೇ ಇದ್ರೆ ನಿನ್ನ ಕೊಡ ಯಾರು ನೋಡ್ತಾರೋ?"

"ನೋಡೋವ್ರು ನೋಡ್ತಾರೆ."

ಜನ ನೋಡಲಿಲ್ಲ. ಆಟ ಹೊರಬಂದ ತಿಂಗಳೇ ಹೊಸ ನಮೂನೆಯ ಯಂತ್ರಗಳು ಬಂದವು. ಹಳೆಯ ಕಂಪ್ಯೂಟರಿನ ಆಟ ಯಾರಿಗೂ ಬೇಡವಾಯಿತು. ಒಂದೇ ಒಂದು ಪತ್ರಿಕೆ ನಾಲ್ಕು ಸಾಲು ಬರೆಯಿತು. ಅದರಲ್ಲಿ ಎರಡು ಸಾಲು ನೆಗೆತ ಕಲ್ಲಿನಂತಿದೆ ಎಂಬ ದೂರು. ಐದು ತಿಂಗಳಲ್ಲಿ ಯಜಮಾನರು ಬಾಗಿಲು ಹಾಕಿದರು.

ಸಾಮಾನು ಕೆಳಗಿಳಿಸುವ ದಿನ, ಮೆಟ್ಟಿಲ ಮೇಲೆ, ಯಜಮಾನರ ಎದುರಿಗೇ ಅಕ್ಕ ಬಾಯಿಗೆ ಬಂದದ್ದು ಅಂದಳು. "ನಿನ್ನೊಬ್ಬನ ಹಟಕ್ಕೆ ಇವರು ಬೀದಿಗೆ ಬಿದ್ರು. ಮೂರು ಜನರ ಅನ್ನಕ್ಕೆ ಕಲ್ಲು ಹಾಕ್ದೆ ನೀನು. ತಪ್ಪಾಯ್ತು ಅಕ್ಕ, ನೀನು ಹೇಳಿದ್ದೇ ಸರಿ ಅನ್ನೋವರೆಗೂ ನನ್ನ ಮುಖ ನೋಡ್ಬೇಡ."

ಮಾತು ಆಡಿದರೆ ಹೋಯಿತು. ತಮ್ಮ ಕೈಯಲ್ಲಿದ್ದ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದ. ಅಕ್ಕನ ಹಟಕ್ಕೆ ತಮ್ಮನ ಹಟ ಒಂದು ಗುಲಗಂಜಿಯೂ ಕಡಿಮೆಯಿರಲಿಲ್ಲ. ಅವನು ಮೂರು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ತಕ್ಕಡಿ ರಿಪೇರಿಯ ಅಂಗಡಿ ಇಟ್ಟ, ಮದುವೆಯಾದ. ಅಕ್ಕ ಮದುವೆಗೆ ಹೋಗಲಿಲ್ಲ. ಅಮ್ಮ ತೀರಿಕೊಂಡಾಗ ಇಬ್ಬರೂ ಒಂದೇ ಕೋಣೆಯಲ್ಲಿ ಎರಡು ಗೋಡೆಗೆ ಒರಗಿ ಕೂತಿದ್ದರು. ತಮ್ಮನ ಹೆಂಡತಿ ಒಂದು ಲೋಟ ನೀರು ತಂದುಕೊಟ್ಟಾಗ ಅಕ್ಕ "ಬೇಡಮ್ಮ" ಎಂದದ್ದು ಬಿಟ್ಟರೆ ಆ ಮನೆಯೊಂದಿಗೆ ಆಕೆಗೆ ಬೇರೆ ಮಾತಿರಲಿಲ್ಲ.

ಕಳೆದ ವರ್ಷ ಒಮ್ಮೆ ಫೋನ್ ಬಂದಿತ್ತು. ಅಕ್ಕ ಪ್ಲಾಸ್ಟರ್ ಕಲಸುತ್ತಿದ್ದಳು. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು "ಹಲೋ" ಎಂದಳು. "ಅಕ್ಕಾ, ನಾನು. ಒಂದು ವಿಷಯ ಹೇಳ್ಬೇಕಿತ್ತು..." ದನಿ ಬದಲಾಗಿತ್ತು, "ಅಕ್ಕಾ" ಎಂದು ಎಳೆಯುವುದು ಬದಲಾಗಿರಲಿಲ್ಲ. ಆಕೆ ಫೋನ್ ಇಟ್ಟುಬಿಟ್ಟಳು. ಪ್ಲಾಸ್ಟರ್ ಗಟ್ಟಿಯಾಗಿಬಿಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಎರಡನೇ ಸಲ ರಿಂಗಾದಾಗ ಕೈ ತೊಳೆದುಕೊಂಡು, ಕನ್ನಡಕ ಹಾಕಿಕೊಂಡು, ಆ ನಂಬರಿನಿಂದ ಮತ್ತೆ ಕರೆ ಬಾರದಂತೆ ಬ್ಲಾಕ್ ಮಾಡಿದಳು. ಅದೆಲ್ಲ ನಿಧಾನವಾಗಿ, ಗೊತ್ತಿದ್ದೇ ಮಾಡಿದ ಕೆಲಸ.

ಟೀಚರ್ ಬಂದುಹೋದ ಮೇಲೆ ಅಕ್ಕನಿಗೆ ಒಂದು ವಾರ ಸರಿಯಾಗಿ ಕೆಲಸ ಕೈಹತ್ತಲಿಲ್ಲ. ಅಷ್ಟು ವರ್ಷ ಕಾದಿಟ್ಟುಕೊಂಡಿದ್ದ ಸಿಟ್ಟು, ಯಾರೋ ಹೊರಗಿನವಳು ನಾಯಿಯ ಬಾಲವನ್ನು ಹೊಗಳಿದ ಕೂಡಲೇ ತಳ ಸೋರಿದಂತಾಗಿತ್ತು. ಒಪ್ಪಿಗೆ ಕೇಳುವ ನೆಪವಿದೆಯಲ್ಲ, ಹೋಗಿಬರೋಣ ಎಂದುಕೊಂಡಳು. ಮುಂದಿನ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮೊದಲ ಮಾತು ಏನಾಡುವುದು ಎಂದೇ ಯೋಚನೆ. "ಏನೋ, ಮುದುಕ ಆಗಿಬಿಟ್ಟೆ" ಎನ್ನೋಣವೆ? ಅದು ಒಪ್ಪಿತೆನಿಸಿತು.

ತರಕಾರಿ ಮಂಡಿಯ ಹಿಂದಿನ ಬೀದಿಯಲ್ಲಿ ಅಂಗಡಿ ತೆರೆದೇ ಇತ್ತು. ಭಾನುವಾರವೂ ಮಂಡಿ ನಡೆಯುವ ಊರದು. ಒಳಗೆ ತಮ್ಮನ ಹೆಂಡತಿ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ಮುಂದಿಟ್ಟುಕೊಂಡು, ಒಂದೇ ತೂಕದ ಕಲ್ಲನ್ನು ತಟ್ಟೆಯ ನಾಲ್ಕೂ ಮೂಲೆಗೆ ಇಟ್ಟಿಟ್ಟು ನೋಡುತ್ತಿದ್ದಳು. ನಾಲ್ಕು ಕಡೆಯೂ ಒಂದೇ ಅಂಕಿ ಬರಬೇಕು. ಮೂರನೇ ಮೂಲೆಯಲ್ಲಿ ಬರುತ್ತಿರಲಿಲ್ಲ.

"ರಿಪೇರಿಗೆ ತಂದ್ರಾ?" ಎಂದು ತಲೆ ಎತ್ತದೆ ಕೇಳಿದಳು.

"ಇಲ್ಲಮ್ಮ. ಅವನಿದ್ದಾನಾ?"

ಆಕೆ ತಲೆ ಎತ್ತಿದಳು. ಗುರುತು ಸಿಕ್ಕಿತು. ಕಲ್ಲನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಸ್ಟೂಲನ್ನು ಮುಂದೆ ತಳ್ಳಿದಳು.

"ಕೂತ್ಕೊಳ್ಳಿ ಅತ್ತಿಗೆ."

"ಎಲ್ಲಿ ಹೋಗಿದ್ದಾನೆ?"

"ಮೊದ್ಲು ಕೂತ್ಕೊಳ್ಳಿ."

ಆಗ ಅಕ್ಕನಿಗೆ ತಿಳಿಯಿತು. ಕೂತಳು. ತಮ್ಮ ತೀರಿಕೊಂಡು ಏಳು ತಿಂಗಳಾಗಿತ್ತು. ಪಿತ್ತಕೋಶದ ಕಾಯಿಲೆ, ಗೊತ್ತಾದಾಗಲೇ ತಡವಾಗಿತ್ತು. ಆಸ್ಪತ್ರೆಯಲ್ಲಿ ಇಪ್ಪತ್ತು ದಿನ, ಮನೆಯಲ್ಲಿ ಆರು ದಿನ.

"ನಂಗೆ ಯಾರೂ ಹೇಳ್ಲಿಲ್ಲ," ಎಂದಳು ಅಕ್ಕ. ದೂರುವ ದನಿಯೇ ಬಂತು, ತಡೆಯಲಾಗಲಿಲ್ಲ.

"ಅವರ ಫೋನಿಂದ ಮಾಡ್ದೆ ಅತ್ತಿಗೆ. ನಿಮ್ಮ ನಂಬರ್ ಅದ್ರಲ್ಲೇ ಇತ್ತು. ಹನ್ನೊಂದು ಸಲ ಮಾಡ್ದೆ. ಹೋಗ್ಲೇ ಇಲ್ಲ. ನಂಬರ್ ಬದಲಾಗಿದೆಯೇನೋ ಅಂದ್ಕೊಂಡೆ."

ನಂಬರ್ ಬದಲಾಗಿರಲಿಲ್ಲ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ತಕ್ಕಡಿ ಒಯ್ಯಲು ಬಂದ ತರಕಾರಿಯವನೊಬ್ಬ ಒಳಗಿನ ಬಿಕ್ಕು ಕೇಳಿ, ಆಮೇಲೆ ಬರ್ತೀನಿ ಎಂದು ಸನ್ನೆ ಮಾಡಿ ಹೋದ.

ಮನೆ ಅಂಗಡಿಯ ಹಿಂದೆಯೇ ಇತ್ತು. ಒಳಕೋಣೆಯ ಮೇಜಿನ ಮೇಲೆ ಆ ಹಳೆಯ ಕಂಪ್ಯೂಟರ್ ಕೂತಿತ್ತು. ಹಳದಿಗೆ ತಿರುಗಿದ ಮೈ, ಅಕ್ಷರ ಸವೆದ ಕೀಲಿಮಣೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತುಂಬಿದ ಒಂಬತ್ತು ನೋಟ್‌ಬುಕ್ಕುಗಳು.

"ನಾಲ್ಕು ವರ್ಷ ಇದ್ರ ಮುಂದೆ ಕೂತ್ರು," ಎಂದಳು ತಮ್ಮನ ಹೆಂಡತಿ. "ದಿನಾ ಅಂಗಡಿಗೆ ಹೋಗೋ ಮುಂಚೆ ಎರಡು ಗಂಟೆ. ಅವರು ಬರ್ದಿದ್ದ ಕಾಗದ ಎಲ್ಲ ಆ ಕಂಪನಿ ಮುಚ್ಚಿದಾಗ ಕಳ್ದೋಗಿತ್ತಂತೆ. ಫ್ಲಾಪೀಲಿ ಬರೀ ಅಂಕಿ. ತಾನು ಬರ್ದಿದ್ದನ್ನ ತಾನೇ ಅರ್ಥ ಮಾಡ್ಕೊಳ್ಳೋಕೆ ಮೂರು ವರ್ಷ ಬೇಕಾಯ್ತು ಅಂತ ನಗ್ತಿದ್ರು. ಕೊನೆಗೂ ಜಂಪ್ ಬದಲಾಯಿಸಿದ್ರು."

"ಏನ್ ಬದಲಾಯಿಸಿದ?"

"ನೀವು ಹೇಳಿದ್ರಂತಲ್ಲ, ಹಂಗೆ. ಗಾಳೀಲಿ ತಿರುಗೋ ಹಂಗೆ. ಅಕ್ಕ ಹೇಳಿದ್ದೇ ಸರಿ ಅಂದ್ರು. ಅಕ್ಕ ಬಂದ್ರೆ ಇದನ್ನ ತೋರ್ಸು ಅಂದ್ರು."

ಅಕ್ಕ ಅಲ್ಲೇ ನೆಲದ ಮೇಲೆ ಕೂತು, ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ತಮ್ಮನ ಹೆಂಡತಿ ಬೆನ್ನು ಸವರುತ್ತಾ ಕೂತಳು. ಅತ್ತು ಮುಗಿದ ಮೇಲೆ ಮುಖ ತೊಳೆಸಿ, ಕುರ್ಚಿಯ ಮೇಲೆ ಕೂರಿಸಿ, ಗುಂಡಿ ಒತ್ತಿದಳು.

ನಲ್ಲಿ. ಕೊಡ. ನೀರಣ್ಣ. ಮೂವತ್ತು ವರ್ಷದ ಹಿಂದೆ ತಾನೇ ಚೌಕ ತುಂಬಿ ಬರೆದ ಆ ಪುಟ್ಟ ಬೆನ್ನು.

ಅಕ್ಕ ಆಡಿದಳು. ಹೊಸ ನೀರಣ್ಣ ಹೇಳಿದ ಮಾತು ಕೇಳುತ್ತಿದ್ದ. ನೆಗೆದ ಮೇಲೆ ಗುರಿ ತಪ್ಪುತ್ತಿದೆ ಎನಿಸಿದರೆ ಬೆರಳು ಒತ್ತಿದರಾಯಿತು, ಗಾಳಿಯಲ್ಲೇ ಸರಿದು ಮೆತ್ತಗೆ ಇಳಿಯುತ್ತಿದ್ದ. ಎರಡನೇ ಮಹಡಿ, ಮೂರನೇ ಮಹಡಿ, ನಾಲ್ಕರ ದೊಡ್ಡ ಕಂದಕ, ಎಲ್ಲ ಸರಾಗ. ಐದನೇ ಮಹಡಿಯ ನಾಯಿಗೆ ಒಂದು ಹನಿಯೂ ಸಿಗದೆ ಅದು ಮುಖ ತಿರುಗಿಸಿ ಮಲಗಿತು. ಹಳೆಯ ಆಟದಲ್ಲಿ ಜನ್ಮದಲ್ಲಿ ಎಂಟನೇ ಮಹಡಿ ದಾಟದಿದ್ದ ಅಕ್ಕ ಮುಕ್ಕಾಲು ಗಂಟೆಯಲ್ಲಿ ಹನ್ನೆರಡಕ್ಕೆ ಬಂದು ನಿಂತಳು. ಕೊಡ ತುಂಬಿತ್ತು. ಬಾಗಿಲು ತೆರೆಯಿತು. ಗೆದ್ದಳು.

ಏನೂ ಅನ್ನಿಸಲಿಲ್ಲ.

ಅತ್ತು ಅತ್ತು ಮನಸ್ಸು ಮರಗಟ್ಟಿರಬೇಕು ಎಂದುಕೊಂಡಳು. "ಹಳೇ ಫ್ಲಾಪಿ ಇದೆಯಾ?" ಎಂದು ಕೇಳಿದಳು. ಅದೂ ಇತ್ತು.

ಹಳೆಯ ಆಟದ ನಾಲ್ಕನೇ ಮಹಡಿಯ ಕಂದಕದ ಅಂಚಿಗೆ ಬರುವಷ್ಟರಲ್ಲಿ ಅಂಗೈ ಬೆವೆತಿತ್ತು. ಮೂರು ಹೆಜ್ಜೆ ಹಿಂದೆ ಸರಿದಳು. ಕೊಡದ ನೀರಿನ ಅಲೆ ಅಡಗಲಿ ಎಂದು ಕಾದಳು. ಓಡಿಸಿ, ನೆಗೆಸಿದಳು. ಕಾಲು ನೆಲ ಬಿಟ್ಟ ಕ್ಷಣವೇ ಗೊತ್ತಾಯಿತು, ಒಂದು ಅಂಗುಲ ಮೊದಲೇ ನೆಗೆದೆ ಎಂದು. ಇನ್ನು ಏನೂ ಮಾಡುವಂತಿಲ್ಲ. ನೀರಣ್ಣ ಕೈ ಚಾಚಿಕೊಂಡು ಹೋಗುತ್ತಿದ್ದಾನೆ, ಆಕೆ ನೋಡುತ್ತಿದ್ದಾಳೆ, ಅಷ್ಟೆ. "ಅಯ್ಯೋ, ಬೀಳ್ಬೇಡ್ವೋ!" ಎಂದು ಕಿರುಚಿಬಿಟ್ಟಳು. ಅಂಚು ಬೆರಳಿಗೆ ಸಿಕ್ಕಿತು. ಅರ್ಧ ಕೊಡ ನೀರು ಚೆಲ್ಲಿಹೋಯಿತು, ಉಳಿದರ್ಧ ಉಳಿಯಿತು. ಆ ಉಳಿದ ಅರ್ಧ ಕೊಡವನ್ನು ನೋಡಿ ಅಕ್ಕ ಕುರ್ಚಿಯಿಂದ ಎದ್ದು ನಿಂತೇಬಿಟ್ಟಳು.

ತಮ್ಮ ಮಾಡಿದ್ದೇ ಸರಿಯಿತ್ತು. ಮೊದಲಿನಿಂದಲೂ ಸರಿಯಿತ್ತು. ಏಣಿ ತಪ್ಪು, ಒಂಬತ್ತನೇ ಮಹಡಿ ತಪ್ಪು, ನಿಲ್ಲಿಸಿ ಮುಂದುವರಿಸಲಾಗದ್ದು ತಪ್ಪು. ಜಂಪ್ ತಪ್ಪಲ್ಲ. ಜಂಪೇ ಆಟ. ಅದನ್ನು ಹಟ ಎಂದು ಬೈದು ಮೂವತ್ತು ವರ್ಷ ಅವನ ಮುಖ ನೋಡದೆ ಇದ್ದವಳು ತಾನು. ಅವನು ನಾಲ್ಕು ವರ್ಷ ಕೂತು ತನ್ನ ಕೈಯಾರೆ ಅದನ್ನು ಕಿತ್ತುಹಾಕಿದ್ದು ತನಗೋಸ್ಕರ.

"ಹೆಂಗಿದೆ ಅತ್ತಿಗೆ, ಅವರು ಮಾಡಿದ್ದು?" ಎಂದು ಹಿಂದೆ ನಿಂತಿದ್ದವಳು ಕೇಳಿದಳು.

ಅಕ್ಕ ತಿರುಗಿ ನೋಡಿದಳು. ಆ ಮುಖಕ್ಕೆ ಇನ್ನೊಂದು ಮಾತು ಹೇಳುವ ಧೈರ್ಯ ಯಾರಿಗಿರುತ್ತದೆ?

"ತುಂಬಾ ಚೆನ್ನಾಗಿ ಮಾಡಿದ್ದಾನಮ್ಮ," ಎಂದಳು. "ನಾನು ಹೇಳಿದ್ದಕ್ಕಿಂತ ಚೆನ್ನಾಗಿ."

"ಹಂಗಾದ್ರೆ ಇದನ್ನೂ ಜನ ನೋಡ್ಲಿ. ಅಷ್ಟು ಕಷ್ಟಪಟ್ಟಿದ್ದಾರೆ. ಈ ಪೆಟ್ಟಿಗೇಲೇ ಇದ್ದು ಹೋಗೋದು ಬೇಡ."

ಎರಡೂ ಫ್ಲಾಪಿಗಳು ಟೀಚರ ಕೈ ಸೇರಿದವು. ಹತ್ತು ದಿನ ಬಿಟ್ಟು ಅವನ್ನು ವಾಪಸ್ ಕೊಡಲು ಅವಳು ಲ್ಯಾಬಿಗೆ ಬಂದಳು. ಪಾಲಿಶ್ ಯಂತ್ರದ ಸದ್ದಿನ ನಡುವೆ ಮಾತಾಡಲಾಗದೆ ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತರು.

"ಬೇಜಾರ್ ಮಾಡ್ಕೋಬೇಡಿ ಮೇಡಂ. ಹೊಸದು ಚೆನ್ನಾಗಿಲ್ಲ."

"ಗೊತ್ತು."

"ಆಡ್ತಾ ಆಡ್ತಾ ನನಗೆ ಉತ್ತರ ಸಿಕ್ತು. ಜಂಪನ್ನ ದೋಷದ ಪಟ್ಟಿಯಿಂದ ತೆಗೆದು ಗುಣದ ಪಟ್ಟಿಗೆ ಹಾಕಿದೀನಿ. ಆದ್ರೆ ಹೊಸದ್ರ ಬಗ್ಗೆ ಸುಳ್ಳು ಬರೆಯೋಕಾಗಲ್ಲ. 'ತಾನು ಎಂಥ ಆಟ ಮಾಡಿದ್ದೆ ಅನ್ನೋದು ಕೊನೆಗಾಲದಲ್ಲಿ ಮಾಡಿದವನಿಗೇ ಮರೆತುಹೋಗಿತ್ತೇನೋ' ಅಂತ ಬರ್ದಿದೀನಿ."

"ಆ ಸಾಲು ಹೊಡ್ದುಹಾಕಿ," ಎಂದಳು ಅಕ್ಕ.

"ಮೇಡಂ, ನಿಮ್ಮ ನೋವು ನನಗೆ ಅರ್ಥ ಆಗುತ್ತೆ, ಆದ್ರೆ..."

"ನೋವಿನ ಮಾತಲ್ಲ ಕಣ್ರೀ. ಅದು ಸುಳ್ಳು. ಅವನಿಗೇನೂ ಮರ್ತಿರ್ಲಿಲ್ಲ. ಬದಲಾಯಿಸು ಅಂತ ಹಟ ಹಿಡಿದವಳು ನಾನು. ಆಟ ಅರ್ಥ ಆಗದೆ ಇದ್ದಿದ್ದು ನನಗೆ. ಅಕ್ಕ ಮಾತು ಬಿಟ್ಟಿದ್ದಳು, ಅವಳ ಮಾತಿಗೆ ಕಟ್ಟುಬಿದ್ದು ಬದಲಾಯಿಸಿದ. ಹಾಗಂತ ಬರೀರಿ."

ಟೀಚರ್ ಪೆನ್ನು ತೆಗೆಯಲಿಲ್ಲ. "ನಿಮ್ಮ ಬಗ್ಗೆ ಅಷ್ಟು ನಿಷ್ಠುರವಾಗಿ ಬೇಡ ಮೇಡಂ."

"ಏಣಿ ಬಗ್ಗೆ ನಿಷ್ಠುರವಾಗಿ ಬರ್ದಿಲ್ವಾ? ಇದನ್ನೂ ಬರೀರಿ."

ಟೀಚರ್ ಬರೆದಳು. ಲೇಖನ ಬಂತು. ಎರಡೂ ಆಟಗಳು ಅದರ ಕೆಳಗೇ ಇದ್ದವು. ತಮ್ಮನ ಹೆಂಡತಿಗೆ ಇಂಥದ್ದನ್ನೆಲ್ಲ ಓದುವ ಅಭ್ಯಾಸವಿಲ್ಲ, ಅಂಗಡಿಯ ಕೆಲಸದಲ್ಲಿ ಪುರುಸೊತ್ತೂ ಇಲ್ಲ ಎಂದು ಅಕ್ಕ ಧೈರ್ಯದಿಂದಿದ್ದಳು. ನಾಲ್ಕನೇ ದಿನ ಅಂಗಡಿಯ ನಂಬರಿನಿಂದ ಫೋನ್ ಬಂತು.

"ಓದ್ದೆ ಅತ್ತಿಗೆ."

ಅಕ್ಕ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು.

"ಅಂದ್ರೆ ಅವತ್ತು ನೀವು ಚೆನ್ನಾಗಿದೆ ಅಂದಿದ್ದು ಸುಳ್ಳು."

"ಹೂಂ ಕಣಮ್ಮ. ಸುಳ್ಳು. ನಿನ್ನ ಮುಖ ನೋಡಿ ಬಾಯಿ ಬರ್ಲಿಲ್ಲ."

ಆ ಕಡೆ ಮಂಡಿಯ ಗದ್ದಲದ ನಡುವೆ ತಕ್ಕಡಿಯ ತಟ್ಟೆಗೆ ಕಲ್ಲು ತಗುಲಿದ ಸದ್ದಾಯಿತು.

"ನಾನೂ ಒಂದು ಸುಳ್ಳು ಹೇಳಿದ್ದೆ ಅತ್ತಿಗೆ. ನೀವು ಹಂಗೆ ಅಳ್ತಿದ್ರಲ್ಲ, ನಂಗೂ ಬಾಯಿ ಬರ್ಲಿಲ್ಲ. ಅಕ್ಕ ಹೇಳಿದ್ದೇ ಸರಿ ಅಂತ ಅವರು ಅನ್ಲಿಲ್ಲ. ಕೆಲಸ ಮುಗಿದ ದಿನ ಒಂದ್ಸಲ ಪೂರ್ತಿ ಆಡಿದ್ರು. ಆಡಿ ಸುಮ್ನೆ ಕೂತ್ರು. ಹೆಂಗಾಯ್ತು ಅಂತ ಕೇಳ್ದೆ. 'ಕೆಟ್ಟೋಯ್ತು' ಅಂದ್ರು. 'ಹಂಗಾದ್ರೆ ಯಾಕ್ರೀ ಇಷ್ಟು ವರ್ಷ ಒದ್ದಾಡಿದ್ರಿ' ಅಂದೆ. 'ಹೋಗ್ಲಿ ಬಿಡು, ಆಟ ಹೋದ್ರೆ ಹೋಯ್ತು. ಅಕ್ಕನ ಹತ್ರ ಮಾತಾಡೋಕೆ ಒಂದು ದಾರಿ ಆಯ್ತಲ್ಲ' ಅಂದ್ರು. ಆಮೇಲೇ ನಿಮಗೆ ಫೋನ್ ಮಾಡಿದ್ದು."

ಅಕ್ಕನ ಕಣ್ಣಿಗೆ ಮೇಜಿನ ಮೇಲಿನ ದವಡೆಗಳೆಲ್ಲ ನೀರಿನಲ್ಲಿ ಮುಳುಗಿದಂತೆ ಮಂಜಾದವು.

"ಆಗ ಅವನಿಗೆ ಕಾಯಿಲೆ ಗೊತ್ತಾಗಿತ್ತಾ?"

"ಇಲ್ಲ. ಆಗ ಚೆನ್ನಾಗೇ ಇದ್ರು. ನೀವು ಫೋನ್ ಇಟ್ಟಿದ್ದಕ್ಕೆ ಬೇಜಾರೂ ಮಾಡ್ಕೊಳ್ಲಿಲ್ಲ. ಏನೋ ಕೆಲಸದಲ್ಲಿರ್ಬೇಕು, ಇನ್ನೊಂದ್ಸಲ ಮಾಡ್ತೀನಿ ಅಂದ್ರು."

ಇಬ್ಬರೂ ಫೋನ್ ಹಿಡಿದು ಅತ್ತರು. ಲ್ಯಾಬಿನವರು ಒಬ್ಬೊಬ್ಬರಾಗಿ ಎದ್ದು ಊಟಕ್ಕೆ ಹೊರಟರು, ಯಾರೂ ಆಕೆಯನ್ನು ಕರೆಯಲಿಲ್ಲ.

ಈಗ ಅಕ್ಕ ಹದಿನೈದು ದಿನಕ್ಕೊಮ್ಮೆ ಭಾನುವಾರ ಆ ಊರಿಗೆ ಹೋಗಿಬರುತ್ತಾಳೆ. ಮಂಡಿ ಮುಗಿದ ಮೇಲೆ ಇಬ್ಬರೂ ಒಳಕೋಣೆಯಲ್ಲಿ ಕೂತು ಹಳೆಯ ಆಟವನ್ನೇ ಆಡುತ್ತಾರೆ. ತಮ್ಮನ ಹೆಂಡತಿ ಇನ್ನೂ ಎರಡನೇ ಮಹಡಿಯಲ್ಲೇ ಇದ್ದಾಳೆ. ಏಣಿಗೆ ನೇರ ನಿಲ್ಲಲು ಬರುವುದಿಲ್ಲ, ಸಿಟ್ಟು ಬಂದು ನೀರಣ್ಣನಿಗೆ ಬೈಯುತ್ತಾಳೆ. ಅಕ್ಕ ಒಮ್ಮೆ ಒಂಬತ್ತನೇ ಮಹಡಿ ಮುಟ್ಟಿ, ತಾನೇ ಬರೆದ ಕಂದು ಮೆಟ್ಟಿಲು ಕಾಣದೆ ಕೆಳಗೆ ಬಿದ್ದಳು. ಟೀಚರಿಗೆ ದೂರದೂರದಿಂದ ಪತ್ರಗಳು ಬರುತ್ತಿವೆಯಂತೆ. ಹೆಚ್ಚಿಲ್ಲ, ನಲವತ್ತೋ ಐವತ್ತೋ. ಹಳೆಯದರ ಹನ್ನೆರಡನೇ ಮಹಡಿಯನ್ನು ನೀರಿನ ಸಮೇತ ಮುಟ್ಟುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರಂತೆ. ಟೀಚರ್ ಅದನ್ನು ಅಕ್ಕನನ್ನು ಕೇಳಿದಳು. ಅಕ್ಕ ತಮ್ಮನ ಹೆಂಡತಿಯನ್ನು ಕೇಳಿದಳು.

"ಅವರು ಮುಟ್ತಿದ್ರು ಅತ್ತಿಗೆ," ಎಂದಳು ಅವಳು. "ನಾನು ಈರುಳ್ಳಿ ಹೆಚ್ಕೊಂಡು ಕೂತಿರ್ತಿದ್ದೆ, ಸರಿಯಾಗಿ ನೋಡ್ಲೇ ಇಲ್ಲ."